ಪರೀಕ್ಷೆಗೆ ಬಾರದ ಪ್ರಶ್ನೆ

ಪ್ರಶ್ನೆ: ಹೊನ್ನಾವರದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ಕ್ವಾಂಟಂ ಲೆಕ್ಕ ಬರುತ್ತದೆ. ಆದರೆ ಅಳೆಯುವ ಮೊದಲು ಕಣ ಹೇಗಿತ್ತು ಎಂದು ಕೇಳಿದರೆ ‘ಅದು ಪರೀಕ್ಷೆಗೆ ಬರುವುದಿಲ್ಲ’ ಅನ್ನುತ್ತಾರೆ. ಕೆಟಗರಿ ಥಿಯರಿಯಲ್ಲಿ ಉತ್ತರವಿದೆಯೆಂದು ಕೇಳಿ ಅದರ ಹಿಂದೆ ಬಿದ್ದೆ, ತಲೆಬುಡ ಅರ್ಥವಾಗುತ್ತಿಲ್ಲ. ಆಯಿ ಬಿ.ಇಡಿ. ಮಾಡು ಅನ್ನುತ್ತಾಳೆ. ನಾನು ದಾರಿ ತಪ್ಪಿದ್ದೇನೆಯೇ?
– ಓದುಗಿ, ಕುಮಟಾ ತಾಲೂಕು

ಉತ್ತರ: ಇಲ್ಲ ತಂಗಿ. ಹೆಚ್ಚುಕಡಿಮೆ ಇದನ್ನೇ ಐನ್‌ಸ್ಟೈನ್ 1935ರಲ್ಲಿ ಕೇಳಿದ್ದರು. 1964ರಲ್ಲಿ ಜಾನ್ ಬೆಲ್ ಅದನ್ನು ಪ್ರಯೋಗದಲ್ಲಿ ಒರೆಗೆ ಹಚ್ಚುವ ದಾರಿ ತೋರಿಸಿದರು. ಆ ಪ್ರಯೋಗಗಳಿಗೆ 2022ರ ನೊಬೆಲ್ ಬಂತು.

1945ರಲ್ಲಿ ಐಲೆನ್‌ಬರ್ಗ್, ಮ್ಯಾಕ್ ಲೇನ್ ಕಟ್ಟಿದ ಕೆಟಗರಿ ಥಿಯರಿಯ ಗಮನವೆಲ್ಲ ಬಾಣಗಳ ಜೋಡಣೆಯ ಮೇಲೆ. ಕುಮಟಾದಿಂದ ಹೊನ್ನಾವರಕ್ಕೆ ಒಂದು ಬಾಣ, ಹೊನ್ನಾವರದಿಂದ ಭಟ್ಕಳಕ್ಕೆ ಇನ್ನೊಂದು. ಎರಡೂ ಸೇರಿದರೆ ಕುಮಟಾದಿಂದ ಭಟ್ಕಳಕ್ಕೆ ಒಂದು ಬಾಣ. 2004ರಲ್ಲಿ ಅಬ್ರಾಮ್‌ಸ್ಕಿ ಮತ್ತು ಕೂಕೆ ಈ ಭಾಷೆಯಲ್ಲಿ ಕ್ವಾಂಟಂ ಪ್ರಕ್ರಿಯೆಗಳನ್ನು ಬರೆದರು.

ಈ ಭಾಷೆ ಏನು ತೋರಿಸುತ್ತದೆ ಎಂದು ತಿಳಿಯಲು ಎರಡು ಸ್ಪಿನ್‌ಗಳ ಸಿಂಗ್ಲೆಟ್ ಸ್ಥಿತಿಯನ್ನು ನಿನ್ನ ನೋಟ್‌ಬುಕ್‌ನಲ್ಲಿ ಬರೆದು ನೋಡು. ಜೋಡಿಯ ಬಗ್ಗೆ ಕ್ವಾಂಟಂ ಸಿದ್ಧಾಂತ ಹೇಳಬಹುದಾದ್ದೆಲ್ಲ ಅದರಲ್ಲಿದೆ. ಆದರೂ ಒಂದನ್ನೇ ಅಳೆದರೆ ಮೇಲೋ ಕೆಳಗೋ, ಅರ್ಧಕ್ಕರ್ಧ. ಸಾಮಾನ್ಯ ಸೆಟ್‌ಗಳಲ್ಲಿ ಜೋಡಿ ಗೊತ್ತಿದ್ದರೆ ಬಿಡಿಯೂ ಗೊತ್ತು, ನಕಲು ತೆಗೆಯುವ ಬಾಣವೂ ಸಿಗುತ್ತದೆ. ಹಿಲ್ಬರ್ಟ್ ಸ್ಪೇಸ್‌ಗಳ ಟೆನ್ಸರ್ ಪ್ರಾಡಕ್ಟ್‌ನಲ್ಲಿ ಅಂಥ ಬಾಣವಿಲ್ಲ. ಗೊತ್ತಿಲ್ಲದ ಕ್ವಾಂಟಂ ಸ್ಥಿತಿಯ ನಕಲು ತೆಗೆಯಲಾಗದು ಎಂದು 1982ರಲ್ಲಿ ಸಾಬೀತಾದದ್ದರ ಬೇರು ಇಲ್ಲಿದೆ. ನನಗೆ ಇದು ಬಹಳ ಸುಂದರವಾಗಿ ಕಾಣುತ್ತದೆ. ಆದರೆ ಅಳೆಯುವ ಮೊದಲು ಏನಿತ್ತು ಎಂಬ ತಕರಾರನ್ನು ಈ ಗಣಿತ ಇತ್ಯರ್ಥ ಮಾಡಿಲ್ಲ. ಆ ಆಸೆಯಿಂದ ಅದನ್ನು ಓದಬೇಡ.

ಈ ವರ್ಷ ಲೀನಿಯರ್ ಆಲ್ಜಿಬ್ರಾ ಗಟ್ಟಿ ಮಾಡಿಕೋ. ಎನ್‌ಪಿಟಿಇಎಲ್‌ನ ಆನ್‌ಲೈನ್ ಪಾಠಗಳು ಉಚಿತ. ಲೀನಿಯರ್ ಆಲ್ಜಿಬ್ರಾ ಇಲ್ಲದೆ ಕ್ವಾಂಟಂಗೆ ಬಳಸುವ ಕೆಟಗರಿ ಥಿಯರಿ ತಲೆಗೆ ಹತ್ತುವುದು ಕಷ್ಟ, ನಿನ್ನ ತೊಡಕೂ ಅದೇ ಇರಬೇಕು.

ಆಯಿಯ ಮಾತು ತಳ್ಳಿಹಾಕುವಂಥದ್ದಲ್ಲ. ಅವಳು ಕೇಳುತ್ತಿರುವುದು ನಿನಗೊಂದು ನೆಲೆ. ಬಿ.ಇಡಿ.ಯನ್ನು ಎಂ.ಎಸ್ಸಿ. ಮುಗಿಸಿಯೂ ಮಾಡಬಹುದು ಎಂದು ಕೂತು ಹೇಳು. 2023ರಲ್ಲಿ ಕೇಂದ್ರ ಸರ್ಕಾರ 6,003 ಕೋಟಿ ರೂಪಾಯಿಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಇಂಥ ಮೂಲಪ್ರಶ್ನೆಗಳ ಮೇಲೆ ಪ್ರಯೋಗ ನಡೆಯುತ್ತದೆ ಎಂಬುದನ್ನೂ ಹೇಳು. ಧಾರವಾಡದ ಎಂ.ಎಸ್ಸಿ. ಕೈಯಳತೆಯಲ್ಲಿದೆ. ಅದರ ಜೊತೆಗೆ ಐಐಟಿಗಳ ಎಂ.ಎಸ್ಸಿ. ಪ್ರವೇಶದ ಜಾಮ್ ಪರೀಕ್ಷೆಗೂ ಕೂರು. ಸಾಮಾನ್ಯವಾಗಿ ಅರ್ಜಿ ಸೆಪ್ಟೆಂಬರ್‌ನಲ್ಲಿ, ಪರೀಕ್ಷೆ ಫೆಬ್ರವರಿಯಲ್ಲಿ. ಹೆಣ್ಣುಮಕ್ಕಳಿಗೆ ಶುಲ್ಕ ಕಡಿಮೆ.