ನೆಲವನ್ನರಿತು ಹುಡುಕುವುದು

ಕುರ್ಡಿಯ ನಮ್ಮ ಹೊಲದಲ್ಲಿ ಹತ್ತಿ ಬಿಡಿಸುವಾಗ ಅವ್ವನ ಬಂಗಾರದ ಬೆಂಡೋಲೆಯೊಂದು ಬಿದ್ದುಹೋಯಿತು. ನನ್ನ ಓದಿಗಾಗಿ ಎರಡು ಸಲ ಗಿರವಿಯಿಟ್ಟು ಬಿಡಿಸಿಕೊಂಡ ಒಡವೆಯದು. ಲೋಹಶೋಧಕ ಯಂತ್ರವೊಂದನ್ನು ಎರವಲು ತಂದು ಹುಡುಕುತ್ತ ನಾನು ಕಲಿತದ್ದಿಷ್ಟು.

ಮಣ್ಣಿನೊಳಗಿನ ಕಬ್ಬಿಣದ ಖನಿಜಗಳೂ ಯಂತ್ರವನ್ನು ಕೂಗಿಸುತ್ತವೆ. ಆದುದರಿಂದ ಮೊದಲು ಲೋಹವಿಲ್ಲದ ಕಡೆ ಅದರ ಸುರುಳಿಯನ್ನು ಮೇಲೆ ಕೆಳಗೆ ಆಡಿಸಿ, ಸದ್ದಡಗುವಂತೆ ನೆಲಕ್ಕೆ ಹೊಂದಿಸಬೇಕು. ಆಗಲೂ ಸುಳ್ಳು ಸದ್ದು ಬಂದರೆ ಸೂಕ್ಷ್ಮತೆಯನ್ನು ತಗ್ಗಿಸಬೇಕು. ಮೊಳೆಗಳು ತುಂಬಿದ ಅಂಗಳದಲ್ಲಿ ಕಬ್ಬಿಣದ ಸದ್ದನ್ನು ತಡೆಯುವುದು ಸರಿ. ಆದರೆ ಚಿಕ್ಕ ಬಂಗಾರದ ಸದ್ದೂ ಅದರ ಸನಿಹದಲ್ಲೇ ಇರುವುದರಿಂದ ಹೊಲದಲ್ಲಿ ಆ ತಡೆಯನ್ನು ತೆಗೆಯಬೇಕು. ಮೊದಲ ದಿನ ನಾನು ತೆಗೆದಿರಲಿಲ್ಲ. ಮರುದಿನ ತೆಗೆದೆ, ಬೆಂಡೋಲೆ ಸಿಕ್ಕಿತು.

ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬಂಗಾರವನ್ನರಸುತ್ತಿದ್ದ ಗಣಿ ಇಂಜಿನಿಯರ್ ಬೀಡನ್ ಅವರಿಗೆ ಅಶೋಕನ ಶಾಸನ ದೊರೆಯಿತು. ಅಂಥ ಸಂರಕ್ಷಿತ ನೆಲದಲ್ಲಿ ಯಂತ್ರಕ್ಕೆ ಹೊಂದಿಕೆ ಒಂದೇ: ಅದನ್ನು ಆರಿಸಿಡುವುದು.