*ಇಂದಿನ ಧಮ್ಮ ಚಿಂತನೆ: ಟೂಲ್‌ಬಾರ್ ಬದಲಾದಾಗ ಸಮ್ಮಾ ವಾಯಾಮ*



ಬಂಧುಗಳೇ, ಅಷ್ಟಾಂಗ ಮಾರ್ಗದಲ್ಲಿ ಸಮ್ಮಾ ವಾಯಾಮ, ಅಂದರೆ ಸರಿಯಾದ ಪ್ರಯತ್ನ, ಇಂದಿನ ಪಾಠ. 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ ಗ್ರಂಥದಲ್ಲಿ ಬಾಬಾಸಾಹೇಬರು ಇದಕ್ಕೆ ನಾಲ್ಕು ಉದ್ದೇಶಗಳನ್ನು ಹೇಳುತ್ತಾರೆ. ಮಾರ್ಗಕ್ಕೆ ಅಡ್ಡಿಯಾಗುವ ಮನಸ್ಥಿತಿ ಹುಟ್ಟದಂತೆ ತಡೆಯುವುದು ಮೊದಲನೆಯದು. ಈಗಾಗಲೇ ಹುಟ್ಟಿದ್ದರೆ ಅದನ್ನು ಅಡಗಿಸುವುದು ಎರಡನೆಯದು. ಒಳ್ಳೆಯ ಮನಸ್ಥಿತಿಯನ್ನು ಹುಟ್ಟಿಸುವುದು ಮೂರನೆಯದು. ಹುಟ್ಟಿರುವ ಒಳ್ಳೆಯದನ್ನು ಬೆಳೆಸುವುದು ನಾಲ್ಕನೆಯದು.

ಈ ಪ್ರಯತ್ನ ಧ್ಯಾನಕ್ಕೆ ಕೂತಾಗ ಮಾತ್ರ ಬೇಕಾದದ್ದಲ್ಲ. ಹೊಟ್ಟೆಪಾಡಿನ ಕೆಲಸಕ್ಕೆ ಕಂಪ್ಯೂಟರ್ ಮುಂದೆ ಕೂತಾಗಲೂ ಬೇಕು. ಅದನ್ನು ನನ್ನ ಕೆಲಸದ ಉದಾಹರಣೆಯಿಂದಲೇ ಹೇಳುತ್ತೇನೆ.

ನಾನು ಕೆಜಿಎಫ್ ಗಣಿ ಕಾರ್ಮಿಕರೊಬ್ಬರ ಮಗಳು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ನಮ್ಮಲ್ಲಿ ಸಾವಿರಾರು ಮನೆಗಳ ಅನ್ನ ಬೆಂಗಳೂರಿನ ರೈಲಿಗೆ ಸೇರಿಕೊಂಡಿತು. ಮಾರಿಕುಪ್ಪಂನಿಂದ ಬರುವ ರೈಲನ್ನು ನಾನು ಕೋರಮಂಡಲ್‌ನಲ್ಲಿ ಹತ್ತುತ್ತೇನೆ. ಬೆಂಗಳೂರಿನ ಒಂದು ಆಫೀಸಿನಲ್ಲಿ ಆಟೋಕ್ಯಾಡ್‌ನಲ್ಲಿ ಕಟ್ಟಡಗಳ ಡ್ರಾಯಿಂಗ್ ಮಾಡುತ್ತೇನೆ.

ಆಟೋಕ್ಯಾಡ್ ಬಂದದ್ದು 1982ರಲ್ಲಿ. ಬಹಳ ವರ್ಷ ಅದರ ಕೆಲಸವೆಲ್ಲ ಮೇಲಿನ ಮೆನು ಮತ್ತು ಅಂಚಿನ ಟೂಲ್‌ಬಾರ್‌ಗಳಲ್ಲಿ ನಡೆಯುತ್ತಿತ್ತು. 2009ರ ಆವೃತ್ತಿಯಲ್ಲಿ ರಿಬ್ಬನ್ ಎಂಬ ಅಗಲವಾದ ಪಟ್ಟಿ ಬಂತು. ಆದರೂ ಬೇಕಾದವರಿಗೆ ‘ಕ್ಲಾಸಿಕ್’ ಎಂಬ ಹಳೆಯ ನೋಟ ಉಳಿದಿತ್ತು. 2015ರ ಆವೃತ್ತಿಯಲ್ಲಿ ಅದನ್ನೂ ತೆಗೆದರು. ನಮ್ಮ ಆಫೀಸು ಬಹುಕಾಲ ಹಳೆಯ ಆವೃತ್ತಿಯಲ್ಲೇ ಇತ್ತು. ಆಮೇಲೆ ಒಂದು ಸೋಮವಾರ ಎಲ್ಲ ಕಂಪ್ಯೂಟರ್‌ಗಳಲ್ಲೂ ಹೊಸದು ಬಂತು.

ನನ್ನ ಜೊತೆ ಬಂಗಾರಪೇಟೆಯಲ್ಲಿ ರೈಲು ಹತ್ತುವ ಒಬ್ಬ ಅಣ್ಣ ಇದ್ದಾರೆ. ಡ್ರಾಯಿಂಗ್ ಬೋರ್ಡಿನ ಮೇಲೆ ಟಿ-ಸ್ಕ್ವೇರ್ ಹಿಡಿದು ಕೆಲಸ ಕಲಿತವರು. ಪ್ಲಾನ್ ನೋಡಿದರೆ ಸಾಕು, “ಇಲ್ಲಿ ಮೆಟ್ಟಿಲು ಹತ್ತುವಾಗ ಮೇಲಿನ ಬೀಮ್ ತಲೆಗೆ ತಾಗುತ್ತೆ” ಎಂದು ಹೇಳಬಲ್ಲರು. ಆ ಸೋಮವಾರ ಅವರಿಗೆ ಹ್ಯಾಚ್ ಮಾಡುವ ಬಟನ್ ಸಿಗಲಿಲ್ಲ. ಪಕ್ಕದ ಹುಡುಗ ನಕ್ಕ. ವಾಪಸ್ ಬರುವಾಗ ರೈಲಿನಲ್ಲಿ ಅಣ್ಣ ಹೇಳಿದರು: “ಬಿಡಮ್ಮ, ಇದೆಲ್ಲ ನಮ್ಮಂಥವರಿಗೆ ಹತ್ತೋದಿಲ್ಲ. ಇನ್ನು ಊರಲ್ಲೇ ಏನಾದ್ರೂ ನೋಡ್ಕೋತೀನಿ.” ಅವರ ಮಗಳು ಆಗ ಕಾಲೇಜು ಓದುತ್ತಿದ್ದಳು.

ಸಮ್ಮಾ ವಾಯಾಮ ಬೇಕಾಗುವುದು ಇಂಥ ಹೊತ್ತಿನಲ್ಲೇ.

*1. ಸಂವರ: ತಡೆಯುವುದು*
ನಡೆದದ್ದು ಏನು? ಬಟನ್‌ನ ಜಾಗ ಬದಲಾಯಿತು, ಅಷ್ಟೇ. “ನಾನು ದಡ್ಡ” ಎನ್ನುವುದು ನಡೆದದ್ದಲ್ಲ, ಮನಸ್ಸು ಆಮೇಲೆ ಸೇರಿಸಿದ್ದು. ಇವೆರಡನ್ನೂ ಬೇರೆ ಮಾಡಿ ನೋಡಬೇಕು. ಅದಕ್ಕೆ ನಾವು ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡೆವು. ಸಿಗದಿದ್ದುದರ ಹೆಸರು ಮಾತ್ರ ಅದರಲ್ಲಿ ಬರೆಯುವುದು: “ಹ್ಯಾಚ್ ಎಲ್ಲಿ? ಡೈಮೆನ್ಷನ್ ಎಲ್ಲಿ?” ಪ್ರಶ್ನೆ ಕಾಗದಕ್ಕೆ ಇಳಿದರೆ ತಲೆಯಲ್ಲಿ ಭಯವಾಗಿ ಬೆಳೆಯುವುದಿಲ್ಲ.

*2. ಪಹಾನ: ಬಿಡುವುದು*
“ನಮ್ಮಂಥವರಿಗೆ” ಎಂಬ ಮಾತು ಎಲ್ಲಿಂದ ಬಂತು? ತಲೆಮಾರುಗಳ ಕಾಲ ನಮ್ಮನ್ನು ಕಲಿಕೆಯಿಂದ ದೂರ ಇಟ್ಟರು. ಆಮೇಲೆ “ಇವರಿಗೆ ಕಲಿಯೋಕೆ ಬರಲ್ಲ” ಎಂದರು. ಹೊರಗಿನವರು ಹೇಳುವುದನ್ನು ನಿಲ್ಲಿಸಿದರೂ ಆ ಮಾತು ನಮ್ಮ ಬಾಯಲ್ಲೇ ಉಳಿದುಬಿಡುತ್ತದೆ. ಸಾಫ್ಟ್‌ವೇರ್ ಬದಲಾದಾಗ ಎಲ್ಲ ಜಾತಿಯವರೂ ಬಟನ್ ಹುಡುಕುತ್ತಾರೆ. ಉಳಿದವರಿಗೆ ಅದು ಬರೀ ಕಿರಿಕಿರಿ, ನಮಗೆ ಮಾತ್ರ ಹುಟ್ಟಿನ ಮೇಲಿನ ತೀರ್ಪು ಆಗುತ್ತದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಧಮ್ಮ ದೀಕ್ಷೆ ಪಡೆದು ಲಕ್ಷಾಂತರ ಜನರಿಗೆ ದೀಕ್ಷೆ ಕೊಟ್ಟರು. ಹುಟ್ಟಿನಿಂದ ಮೇಲು ಕೀಳು ಎಂಬುದನ್ನು ಅಂದೇ ತೊರೆದವರು ನಾವು. ಅದು ಇಂಥ ಸಣ್ಣ ಮಾತಿನಲ್ಲಿ ಹಿತ್ತಲ ಬಾಗಿಲಿನಿಂದ ಒಳಗೆ ಬರಲು ಬಿಡಬಾರದು. ನಕ್ಕ ಹುಡುಗನ ಮೇಲಿನ ಸಿಟ್ಟನ್ನೂ ಇದರ ಜೊತೆಗೇ ಬಿಡಬೇಕು. ಸಿಟ್ಟು ಇರುವವರೆಗೆ ಅವನನ್ನು ಏನೂ ಕೇಳಲು ಆಗುವುದಿಲ್ಲ.

*3. ಭಾವನಾ: ಹುಟ್ಟಿಸುವುದು*
ಹೊಸದನ್ನು ಒಂದೇ ದಿನ ನುಂಗಲು ಹೋಗಲಿಲ್ಲ. ದಿನಕ್ಕೆ ಐದೇ ಬಟನ್. ಚಿತ್ರದ ಮೇಲೆ ಮೌಸ್ ನಿಲ್ಲಿಸಿದರೆ ಅದರ ಹೆಸರು, ಉಪಯೋಗ, ಕಮಾಂಡ್ ಎಲ್ಲವೂ ಕಾಣುತ್ತದೆ. ಮೊದಲು ‘ಹೋಮ್’ ಪಟ್ಟಿಯ ಡ್ರಾ ಮತ್ತು ಮಾಡಿಫೈ, ಆಮೇಲೆ ‘ಆನೊಟೇಟ್’.

ಅಣ್ಣನಿಗೆ ಹೆಚ್ಚು ಗೊಂದಲವಾದದ್ದು ಹ್ಯಾಚ್‌ನಲ್ಲಿ. ಹಿಂದೆ ಅದಕ್ಕೊಂದು ಪ್ರತ್ಯೇಕ ಪೆಟ್ಟಿಗೆ ತೆರೆಯುತ್ತಿತ್ತು. ಈಗ ಹ್ಯಾಚ್ ಶುರು ಮಾಡಿದಾಗ ಮಾತ್ರ ಮೇಲೆ ಒಂದು ಹೊಸ ಪಟ್ಟಿ ಬರುತ್ತದೆ, ಕೆಲಸ ಮುಗಿದರೆ ಹೋಗುತ್ತದೆ. “ಈಗ ಇತ್ತು, ಈಗ ಇಲ್ಲ!” ಎಂದು ಬೇಸರ ಮಾಡಿಕೊಂಡರು. ಪಟಿಚ್ಚ ಸಮುಪ್ಪಾದ ಓದಿದ ನಮಗೆ ಇದು ಹೊಸದಲ್ಲ. ಕಾರಣ ಇದ್ದಾಗ ಕಾಣಿಸುತ್ತದೆ, ಕಾರಣ ಹೋದಾಗ ಅಡಗುತ್ತದೆ. ಹಾಗೆ ಹೇಳಿದ ಮೇಲೆ ಅವರು ಪಟ್ಟಿಯನ್ನು ಹುಡುಕುವುದು ಬಿಟ್ಟು, ಅದನ್ನು ಬರಿಸುವ ಕಾರಣವನ್ನು ನೋಡತೊಡಗಿದರು.

ಇನ್ನೊಂದು ಉಪಾಯವೂ ಇತ್ತು. ‘ಮೆನುಬಾರ್’ ಎಂದು ಟೈಪ್ ಮಾಡಿ 1 ಕೊಟ್ಟರೆ ಹಳೆಯ ಮೆನು ಸಾಲು ಮತ್ತೆ ಬರುತ್ತದೆ, 0 ಕೊಟ್ಟರೆ ಹೋಗುತ್ತದೆ. ಕಲಿಯುವ ತನಕ ಅದನ್ನು ಇಟ್ಟುಕೊಳ್ಳುವುದರಲ್ಲಿ ಅವಮಾನವಿಲ್ಲ. ಮಜ್ಝಿಮ ನಿಕಾಯದ ತೆಪ್ಪದ ಉಪಮೆ ನೆನಪಿದೆಯಲ್ಲ? ಹೊಳೆ ದಾಟಲು ತೆಪ್ಪ ಬೇಕೇ ಬೇಕು. ದಾಟಿದ ಮೇಲೆ ತಲೆಯ ಮೇಲೆ ಹೊತ್ತು ನಡೆಯಬೇಕಾಗಿಲ್ಲ. ಮೂರು ವಾರದ ಮೇಲೆ ಅಣ್ಣನೇ 0 ಕೊಟ್ಟರು.

*4. ಅನುರಕ್ಖಣ: ಕಾಪಾಡುವುದು*
ನಾವು ಮರೆಯುವುದು ಇದನ್ನೇ. ಹೊಸದು ಕಲಿಯುವುದೆಂದರೆ ಹಳೆಯದೆಲ್ಲ ವ್ಯರ್ಥವಾಯಿತು ಎಂದುಕೊಳ್ಳುತ್ತೇವೆ. ಮೇಲಿನ ಪಟ್ಟಿ ಎಷ್ಟೇ ಬದಲಾದರೂ ಪರದೆಯ ಕೆಳಗಿನ ಕಮಾಂಡ್ ಸಾಲು ಹಾಗೇ ಇದೆ. ಗೆರೆಗೆ ಎಲ್, ಕತ್ತರಿಸಲು ಟಿ ಆರ್, ಸಮಾನಾಂತರ ಗೆರೆಗೆ ಓ. ಅಣ್ಣನ ಬೆರಳಿಗೆ ಇವೆಲ್ಲ ಗೊತ್ತೇ ಇದ್ದವು. ಅದಕ್ಕೂ ಕೆಳಗೆ, ಯಾವ ಆವೃತ್ತಿಯೂ ಮುಟ್ಟಲಾರದ ಜಾಗದಲ್ಲಿ, ಗೋಡೆ ಎಲ್ಲಿ ನಿಲ್ಲಬೇಕು, ಮೆಟ್ಟಿಲು ಎಲ್ಲಿ ತಿರುಗಬೇಕು ಎಂಬ ತಿಳಿವಳಿಕೆ ಇತ್ತು.

ನಮ್ಮ ಅಪ್ಪ ಹೇಳುತ್ತಿದ್ದರು: ಗಣಿಯೊಳಗೆ ದೀಪ ಬದಲಾಯಿತು, ಡ್ರಿಲ್ ಬದಲಾಯಿತು. ಕಬ್ಬಿಣದ ಸಲಾಕೆಯಿಂದ ಮೇಲಿನ ಬಂಡೆ ತಟ್ಟಿ, ಸದ್ದು ಗಟ್ಟಿಯೋ ಟೊಳ್ಳೋ ಎಂದು ಕೇಳುವ ಕಿವಿ ಮಾತ್ರ ಬದಲಾಗಲಿಲ್ಲ. ಜೀವ ಉಳಿಸುತ್ತಿದ್ದದ್ದು ಆ ಕಿವಿ.

*ಕಲಿತದ್ದು ಹಂಚಿಕೊಳ್ಳಲಿ*
ನಮ್ಮ ಊರಿನಲ್ಲಿ ಬೌದ್ಧ ಧಮ್ಮದ ಓದು 1956ಕ್ಕೂ ಹಿಂದಿನದು. ಪಂಡಿತ ಅಯೋತಿದಾಸರ ಬರಹಗಳನ್ನು ಚಾಂಪಿಯನ್ ರೀಫ್ಸ್‌ನ ಸಿದ್ಧಾರ್ಥ ಪುಸ್ತಕ ಶಾಲೈ ತಮಿಳಿನಲ್ಲಿ ಪುಸ್ತಕವಾಗಿ ಹೊರತಂದಿತು. ಓದು ಬಂದವರು ಅದನ್ನು ತಮ್ಮಲ್ಲೇ ಬಚ್ಚಿಟ್ಟುಕೊಳ್ಳಲಿಲ್ಲ. ಅರಿವನ್ನು ಬೀಗ ಹಾಕಿ ಇಡುವುದು ಜಾತಿಯ ಗುಣ, ಹಂಚುವುದು ಧಮ್ಮದ ಗುಣ.

ನಮ್ಮ ನೋಟ್‌ಬುಕ್ಕಿನ ಪುಟಗಳನ್ನು ಈಗ ರೈಲಿನಲ್ಲಿ ಇನ್ನೂ ಕೆಲವರು ಫೋಟೋ ತೆಗೆದುಕೊಂಡಿದ್ದಾರೆ. ಅಣ್ಣ ಅದೇ ಕೆಲಸದಲ್ಲಿ ಇದ್ದಾರೆ. ಆ ಹುಡುಗ ಮೆಟ್ಟಿಲಿನ ಡ್ರಾಯಿಂಗ್ ಬಂದಾಗ ಅವರ ಟೇಬಲ್ ಹತ್ತಿರ ಹೋಗುತ್ತಾನೆ. ಅಣ್ಣನೂ ಬಟನ್ ಸಿಗದಿದ್ದರೆ ಅವನನ್ನೇ ಕೇಳುತ್ತಾರೆ.

*ಇಂದಿನ ಅಭ್ಯಾಸ*
🔹 ಇಂದು ಯಾವುದಾದರೂ ತಿಳಿಯದಿದ್ದರೆ “ನನಗೆ ಬರಲ್ಲ” ಎನ್ನಬೇಡಿ. “ಇದು ಎಲ್ಲಿದೆ?” ಎಂದು ಕೇಳಿ.
🔹 ಬ್ಯಾಂಕ್ ಆ್ಯಪ್ ಆಗಲಿ, ಆಫೀಸಿನ ಸಾಫ್ಟ್‌ವೇರ್ ಆಗಲಿ, ಹೊಸದಾಗಿ ಐದು ಜಾಗ ಗುರುತಿಸಿ ಬರೆದಿಡಿ.
🔹 ಸಂಜೆಯೊಳಗೆ ಅದರಲ್ಲಿ ಒಂದನ್ನಾದರೂ ಇನ್ನೊಬ್ಬರಿಗೆ ತೋರಿಸಿ. ಅವರು ನಿಧಾನವಾಗಿ ಕಲಿತರೆ ನಗಬೇಡಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್, ನಮೋ ಬುದ್ಧಾಯ 🙏