ಮಗ್ಗದ ಓಣಿಯಿಂದ ಮನಸ್ಸಿನ ಲ್ಯಾಬಿಗೆ: ಸಂಶೋಧನೆಗೆ ಹಣ ಪಡೆಯುವ ದಾರಿ

ಮನೋವಿಜ್ಞಾನದಲ್ಲಿ ಎಂ.ಎ. ಮುಗಿಸಿದೆ ಎಂದರೆ ರಬಕವಿ-ಬನಹಟ್ಟಿಯಲ್ಲಾಗಲಿ ಜಮಖಂಡಿಯಲ್ಲಾಗಲಿ ಜನ ಕೇಳುವುದು ಒಂದೇ: ‘ಹಂಗಾದ್ರ ಕೌನ್ಸೆಲಿಂಗ್ ಮಾಡ್ತೀಯೇನು?’ ಮಾಡಬಹುದು. ಆದರೆ ಅದೇ ಪದವಿಯಿಂದ ಇನ್ನೊಂದು ದಾರಿಯೂ ಹೊರಡುತ್ತದೆ. ಗಮನ, ನೆನಪು, ಓದು, ಭಾಷೆ, ನಿರ್ಧಾರ ಇವೆಲ್ಲ ತಲೆಯೊಳಗೆ ಹೇಗೆ ನಡೆಯುತ್ತವೆ ಎಂದು ಪ್ರಯೋಗ ಮಾಡಿ ಅಳೆಯುವ ಕಾಗ್ನಿಟಿವ್ ಸೈಕಾಲಜಿ, ಅಂದರೆ ಸಂಜ್ಞಾನಾತ್ಮಕ ಮನೋವಿಜ್ಞಾನ. ನಮ್ಮ ನಾಡಿಗೆ ಇದು ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಶುರುವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು.

ಈಗ ಈ ದಾರಿಯಲ್ಲಿ ಹಣ ಎಲ್ಲೆಲ್ಲಿದೆ, ಯಾವ ಕ್ರಮದಲ್ಲಿ ಹೋಗಬೇಕು ನೋಡೋಣ. ಪ್ರಶಸ್ತಿಗಳ ಹೆಸರು ಕೇಳಿ ಮೊದಲೇ ಅವುಗಳ ಬೆನ್ನು ಹತ್ತುವವರಿದ್ದಾರೆ. ಅವು ಕೊನೆಗೆ ಬರುತ್ತವೆ.

ಮೊದಲು ಪ್ರಶ್ನೆ ಹುಡುಕಿ

ಅರ್ಜಿಗಿಂತ ಮೊದಲು ಬೇಕಾದದ್ದು ಸಂಶೋಧನೆಯ ಪ್ರಶ್ನೆ. ಆಯ್ಕೆ ಸಮಿತಿಯ ಮುಂದೆ ಬರುವ ಸಿನಾಪ್ಸಿಸ್‌ಗಳಲ್ಲಿ ‘ಕಾಲೇಜು ವಿದ್ಯಾರ್ಥಿಗಳಲ್ಲಿ ಒತ್ತಡ: ಒಂದು ಅಧ್ಯಯನ’ ಎಂಬಂಥವಕ್ಕೆ ಬರವಿಲ್ಲ. ರಬಕವಿಯವರು ಇಂಥದ್ದಕ್ಕೆ ಇಳಿಯಬೇಕಾಗಿಯೂ ಇಲ್ಲ.

ಒಳ್ಳೆಯ ಪ್ರಶ್ನೆ ಹೇಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ನೋಡಿ. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಮೇಲ್ಸೇತುವೆಯ ರೈಲು ಹಳಿಗೆ ತಾಗಿಕೊಂಡೇ ಒಂದು ಶಾಲೆಯಿತ್ತು. ಕಟ್ಟಡದ ಒಂದು ಬದಿಯ ಕೋಣೆಗಳಿಗೆ ರೈಲಿನ ಅಬ್ಬರ, ಇನ್ನೊಂದು ಬದಿ ಶಾಂತ. ಅರ್ಲೀನ್ ಬ್ರಾನ್ಜಾಫ್ಟ್ ಎಂಬ ಮನೋವಿಜ್ಞಾನಿ ಸಹೋದ್ಯೋಗಿಯೊಬ್ಬರ ಜತೆ ಎರಡೂ ಬದಿಯ ಮಕ್ಕಳ ಓದಿನ ಅಂಕಗಳನ್ನು ಹೋಲಿಸಿ 1975ರಲ್ಲಿ ಪ್ರಕಟಿಸಿದರು. ಸದ್ದಿನ ಬದಿಯ ಮಕ್ಕಳು ಓದಿನಲ್ಲಿ ಹಿಂದಿದ್ದರು. ಮುಂದೆ ಹಳಿಗೆ ರಬ್ಬರ್ ಹಾಸು, ಕೋಣೆಗೆ ಸದ್ದು ಹೀರುವ ಚಾವಣಿ ಬಂದವು. 1981ರ ಅಧ್ಯಯನದ ಹೊತ್ತಿಗೆ ಆ ಅಂತರ ಉಳಿದಿರಲಿಲ್ಲ.

ರಬಕವಿಯ ಪವರ್‌ಲೂಮ್ ಓಣಿಯಲ್ಲಿ ಬೆಳೆದವರಿಗೆ ಇದರ ಮುಂದಿನ ಪ್ರಶ್ನೆ ತಾನಾಗಿಯೇ ಹೊಳೆಯಬೇಕು. ಮನೆಯೊಳಗೇ ಮಗ್ಗ ಖಟಖಟ ಎನ್ನುವಾಗ ಮಗು ಕನ್ನಡ ಓದು ಕಲಿಯುವುದು ಹೇಗೆ? ಇಂಗ್ಲಿಷಿನ 26 ಅಕ್ಷರಗಳಂತಲ್ಲ ನಮ್ಮದು. ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಅಕ್ಷರಕಲಿಕೆ ಮೊದಲೊಂದೆರಡು ತರಗತಿಗಳಿಗೆ ಮುಗಿಯದೆ ವರ್ಷಗಟ್ಟಲೆ ಮುಂದುವರಿಯುತ್ತದೆ ಎಂದು ಸೋನಾಲಿ ನಾಗ್ ಅವರ 2007ರ ಪ್ರಬಂಧ ತೋರಿಸಿತು. ಅದನ್ನು ಓದಿದ ಮೇಲೆ ನಿಮ್ಮ ಶೀರ್ಷಿಕೆ ‘ನೇಕಾರ ಮಕ್ಕಳ ಮನೋವಿಜ್ಞಾನ’ ಎಂದಿರುವುದಿಲ್ಲ. ‘ಮಗ್ಗದ ಸದ್ದಿರುವ ಮತ್ತು ಇಲ್ಲದ ಮನೆಗಳ 3ರಿಂದ 5ನೇ ತರಗತಿಯ ಮಕ್ಕಳಲ್ಲಿ ಒತ್ತಕ್ಷರ ಗುರುತಿಸುವ ವೇಗ ಮತ್ತು ತಪ್ಪುಗಳು’ ಎಂದಾಗುತ್ತದೆ. ಯಾರನ್ನು, ಏನನ್ನು, ಯಾವುದರ ಜತೆ ಹೋಲಿಸುತ್ತೀರಿ ಎಂಬುದೆಲ್ಲ ಒಂದೇ ಸಾಲಿನಲ್ಲಿ ಬಂತು.

ಇದಕ್ಕೆ ದೊಡ್ಡ ಯಂತ್ರ ಬೇಡ. ಒಂದು ಲ್ಯಾಪ್‌ಟಾಪ್, ಉಚಿತವಾಗಿ ಸಿಗುವ ‘ಸೈಕೊಪೈ’ ತಂತ್ರಾಂಶ, ಸದ್ದು ಅಳೆಯುವ ಮೀಟರ್ ಸಾಕು. ಪರದೆಯ ನಡುವೆ ಒಂದು ಕೂಡು ಚಿಹ್ನೆ, ಆಮೇಲೆ ‘ರಾಷ್ಟ್ರ’ ಅಥವಾ ಅಂಥದ್ದೇ ಸುಳ್ಳು ಪದವೊಂದು. ನಿಜದ ಪದವಾದರೆ ಮಗು ಒಂದು ಕೀಲಿ ಒತ್ತುತ್ತದೆ, ಅಲ್ಲವಾದರೆ ಇನ್ನೊಂದು. ತಡವಾದದ್ದು ಎಷ್ಟು ಎಂಬುದನ್ನು ಕಂಪ್ಯೂಟರ್ ಮಿಲಿಸೆಕೆಂಡಿನಲ್ಲಿ ಬರೆದಿಟ್ಟುಕೊಳ್ಳುತ್ತದೆ.

ಎರಡನೆಯದು ಜೆಆರ್‌ಎಫ್

ತಿಂಗಳು ತಿಂಗಳು ಕೈಗೆ ಬರುವ ಹಣಕ್ಕೆ ಹೆದ್ದಾರಿಯೆಂದರೆ ಯುಜಿಸಿ-ನೆಟ್ ಪರೀಕ್ಷೆಯ ಜೆಆರ್‌ಎಫ್, ಅಂದರೆ ಜೂನಿಯರ್ ರಿಸರ್ಚ್ ಫೆಲೋಶಿಪ್. ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಎನ್‌ಟಿಎ ಇದನ್ನು ಜೂನ್ ಮತ್ತು ಡಿಸೆಂಬರ್ ಆವೃತ್ತಿಗಳಾಗಿ ವರ್ಷಕ್ಕೆರಡು ಸಲ ನಡೆಸುತ್ತದೆ. ಮನೋವಿಜ್ಞಾನದ ವಿಷಯ ಸಂಖ್ಯೆ 04. ಮೊದಲ ಪತ್ರಿಕೆಗೆ 50 ಪ್ರಶ್ನೆ, ಎರಡನೆಯದಕ್ಕೆ 100, ಒಟ್ಟು 300 ಅಂಕ, ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಪ್ರಶ್ನೆಗಳು ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡ ಮಾಧ್ಯಮದವರು ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲೂ ಬರೆದು ಅಭ್ಯಾಸ ಮಾಡಲೇಬೇಕು. ಪಠ್ಯಕ್ರಮದ ಹತ್ತು ಘಟಕಗಳಲ್ಲಿ ಗಮನ, ಗ್ರಹಿಕೆ, ಕಲಿಕೆ, ನೆನಪು ಒಂದು ಘಟಕ. ಯೋಚನೆ, ಬುದ್ಧಿಶಕ್ತಿ, ಸೃಜನಶೀಲತೆ ಇನ್ನೊಂದು. ಹೆಚ್ಚಿನವರು ಮುಗ್ಗರಿಸುವುದು ಸಂಶೋಧನಾ ವಿಧಾನ ಮತ್ತು ಸಂಖ್ಯಾಶಾಸ್ತ್ರದಲ್ಲಿ. ಪ್ರಯೋಗ ಮಾಡುವವರಿಗೆ ಮುಂದೆ ಅನ್ನ ಹಾಕುವುದೂ ಅದೇ, ಆದ್ದರಿಂದ ಅಲ್ಲಿಂದಲೇ ಓದು ಶುರುಮಾಡಿ.

ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಪ್ರಗತಿ ಪರಿಶೀಲನೆಯ ನಂತರ 42,000. ಮನೆ ಬಾಡಿಗೆ ಭತ್ಯೆ, ಕಂಟಿಂಜೆನ್ಸಿ (ಸಂಶೋಧನೆಯ ಸಣ್ಣಪುಟ್ಟ ಖರ್ಚಿನ ಹಣ) ಬೇರೆ. ವಯೋಮಿತಿ 30. ಮಹಿಳೆಯರಿಗೂ ಮೀಸಲು ವರ್ಗದವರಿಗೂ ಐದು ವರ್ಷ ಸಡಿಲಿಕೆಯಿದೆ. ಮದುವೆಯಾಗಿ ಮಕ್ಕಳು ಶಾಲೆಗೆ ಹೋದ ಮೇಲೆ ಮತ್ತೆ ಪುಸ್ತಕ ಹಿಡಿದ ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು.

ಫಲಿತಾಂಶದಲ್ಲಿ ಮೂರು ಬಗೆಯಿದೆ. ಜೆಆರ್‌ಎಫ್ ಬಂದರೆ ಹಣ ಬರುತ್ತದೆ. ಉಳಿದೆರಡು ಸಹಾಯಕ ಪ್ರಾಧ್ಯಾಪಕ ಅರ್ಹತೆ ಮತ್ತು ಪಿಎಚ್‌ಡಿ ಪ್ರವೇಶಕ್ಕೆ ಸಂಬಂಧಿಸಿದವು, ಅವುಗಳಿಂದ ತಿಂಗಳ ಹಣ ಬರುವುದಿಲ್ಲ. ರಾಜ್ಯದ ಕೆ-ಸೆಟ್ ಕೂಡ ಹಾಗೆಯೇ, ಅಧ್ಯಾಪಕ ಹುದ್ದೆಗೆ ಅರ್ಹತೆ ಮಾತ್ರ.

ಕಾಗದಪತ್ರ

ಇದನ್ನು ಅರ್ಜಿ ಕರೆದ ಮೇಲೆ ಮಾಡಹೊರಟರೆ ಕೆಟ್ಟಿತು. ನಾಡಕಚೇರಿಯಿಂದ ಸಿಗುವ ರಾಜ್ಯದ 2ಎ, 3ಬಿ ಪ್ರಮಾಣಪತ್ರವೇ ಬೇರೆ, ಕೇಂದ್ರದ ಒಬಿಸಿ-ಕೆನೆಪದರೇತರ ನಮೂನೆಯೇ ಬೇರೆ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಮೊದಲು ಆ ಪಟ್ಟಿ ನೋಡಿ, ಆಮೇಲೆ ಅರ್ಜಿಯಲ್ಲಿ ವರ್ಗ ಬರೆಯಿರಿ. ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಒಂದೇ ಥರ ಇರಬೇಕು. ಅಡ್ಡಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದು ನಮ್ಮ ಕಡೆ ಮಾಮೂಲು.

ಮತ್ತೊಂದು: ಆನ್‌ಲೈನ್ ಸೆಂಟರಿನಲ್ಲಿ ಅರ್ಜಿ ತುಂಬಿಸುವಾಗ ಅಂಗಡಿಯವರ ಮೊಬೈಲ್ ನಂಬರ್, ಅವರದೇ ಇಮೇಲ್ ಹಾಕಲು ಬಿಡಬೇಡಿ. ಸಂದರ್ಶನದ ಕರೆ, ಒಟಿಪಿ ಎಲ್ಲವೂ ಅವರ ಫೋನಿಗೇ ಹೋಗುತ್ತವೆ.

ಜೆಆರ್‌ಎಫ್ ತಪ್ಪಿದರೆ

ದೆಹಲಿಯ ಐಸಿಎಸ್ಎಸ್ಆರ್, ಅಂದರೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ, ಪಿಎಚ್‌ಡಿ ನೋಂದಣಿಯಾದವರಿಗೆ ಡಾಕ್ಟೋರಲ್ ಫೆಲೋಶಿಪ್ ಕೊಡುತ್ತದೆ. ಅದರ ವ್ಯಾಪ್ತಿಯಲ್ಲಿ ಮನೋವಿಜ್ಞಾನವೂ ಇದೆ. ಒಬ್ಬಳೇ ಮಗಳಾಗಿದ್ದು ಪಿಎಚ್‌ಡಿಗೆ ಸೇರಿದ್ದರೆ ಯುಜಿಸಿಯ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಫೆಲೋಶಿಪ್. ಪರಿಶಿಷ್ಟ ಜಾತಿ, ಪಂಗಡ ಮತ್ತು ಒಬಿಸಿಯವರಿಗೆ ಕೇಂದ್ರದ ರಾಷ್ಟ್ರೀಯ ಫೆಲೋಶಿಪ್‌ಗಳು, ರಾಜ್ಯದ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯಿಂದ ಪಿಎಚ್‌ಡಿ ಸಹಾಯಧನ. ವಿದೇಶದಲ್ಲಿ ಓದುವ ಆಸೆಯಿದ್ದರೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ಪರಿಶಿಷ್ಟ ಜಾತಿಯವರ ಜತೆಗೆ ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕ, ಸಾಂಪ್ರದಾಯಿಕ ಕುಶಲಕರ್ಮಿ ಎಂಬ ವಿಭಾಗಗಳೂ ಇವೆ. ಕೈಮಗ್ಗದ ಮನೆಯವರು ಆ ಕೊನೆಯ ವಿಭಾಗದ ನಿಯಮ ಓದದೆ ಮುಂದೆ ಹೋಗಬಾರದು. ಒಂದೇ ಕಾಲಕ್ಕೆ ಎರಡು ಕಡೆಯಿಂದ ಫೆಲೋಶಿಪ್ ತೆಗೆದುಕೊಂಡರೆ ಮಾತ್ರ ಮುಂದೆ ಹಣ ಮರಳಿ ಕಟ್ಟುವ ಪಾಡು ಬಂದೀತು.

ಗೈಡ್, ಒಪ್ಪಿಗೆ, ಲೆಕ್ಕ

ಹತ್ತಿರದ ಹಳೆಯ ವಿಭಾಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. ಮಾತು ಮತ್ತು ಓದಿನ ತೊಂದರೆಗಳ ಕಡೆ ಒಲವಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಮಿದುಳಿನ ಕಡೆಗಾದರೆ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಐಐಎಸ್ಸಿಯ ನರವಿಜ್ಞಾನ ಕೇಂದ್ರ. ಹೊರರಾಜ್ಯಕ್ಕೆ ಅಂಜದವರಿಗೆ 2002ರಲ್ಲಿ ಶುರುವಾದ ಅಲಹಾಬಾದ್ ವಿಶ್ವವಿದ್ಯಾಲಯದ ವರ್ತನ ಮತ್ತು ಸಂಜ್ಞಾನ ವಿಜ್ಞಾನ ಕೇಂದ್ರ, ಹೈದರಾಬಾದ್ ವಿಶ್ವವಿದ್ಯಾಲಯ, ಕಾನ್ಪುರ ಮತ್ತು ಗಾಂಧಿನಗರದ ಐಐಟಿಗಳು. ಗೈಡ್‌ಗೆ ‘ನಿಮ್ಮ ಬಳಿ ಸೀಟು ಇದೆಯೇ ಸರ್’ ಎಂದಷ್ಟೇ ಇಮೇಲ್ ಬರೆದರೆ ಉತ್ತರ ಬರುವುದು ಅಪರೂಪ. ಅವರ ಒಂದು ಪ್ರಬಂಧ ಓದಿ, ಅದರಲ್ಲಿ ನಿಮಗೆ ಎದ್ದ ಪ್ರಶ್ನೆಯನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ.

ಮಕ್ಕಳ ಮೇಲೆ ಪ್ರಯೋಗವೆಂದರೆ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ, ತಂದೆತಾಯಿಯ ಲಿಖಿತ ಒಪ್ಪಿಗೆ, ಮಗುವಿನ ಸಮ್ಮತಿ ಮೂರೂ ಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿ, ಮಗ್ಗದ ಮುಂದೆ ನಿಂತೇ ಓದಿಸಿಕೊಂಡರೂ ತಿಳಿಯುವಂತಿರಲಿ. ಬಜೆಟ್‌ನಲ್ಲಿ ಲ್ಯಾಪ್‌ಟಾಪ್ ಬರೆದು ಓಡಾಟದ ಖರ್ಚು, ಮಕ್ಕಳಿಗೆ ಕೊಡುವ ಪೆನ್ನು-ಪುಸ್ತಕದ ಖರ್ಚು ಮರೆಯುವವರೇ ಹೆಚ್ಚು.

ಪಿಎಚ್‌ಡಿ ಆದ ಮೇಲೆ

2023ರ ಕಾಯ್ದೆಯಿಂದ ಹುಟ್ಟಿದ ಎಎನ್‌ಆರ್‌ಎಫ್, ಅಂದರೆ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ, ಎರಡು ವರ್ಷದ ಪೋಸ್ಟ್‌ಡಾಕ್ಟೋರಲ್ ಫೆಲೋಶಿಪ್ ನಡೆಸುತ್ತದೆ. ವಯೋಮಿತಿ 35, ಸಡಿಲಿಕೆಯಿದೆ. ನಮ್ಮ ವಿಷಯಕ್ಕೆಂದೇ ಇರುವುದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2008ರಲ್ಲಿ ಆರಂಭಿಸಿದ ಕಾಗ್ನಿಟಿವ್ ಸೈನ್ಸ್ ರಿಸರ್ಚ್ ಇನಿಶಿಯೇಟಿವ್. ಪ್ರಾಜೆಕ್ಟ್, ಪೋಸ್ಟ್‌ಡಾಕ್, ಕಾರ್ಯಾಗಾರ ಮೂರಕ್ಕೂ ಅಲ್ಲಿ ನೆರವುಂಟು, ಕರೆ ಬಂದಾಗ ಬಿಡಬಾರದು. ಮಿದುಳು ಮತ್ತು ಆರೋಗ್ಯದ ಕಡೆ ವಾಲಿದ ಕೆಲಸಕ್ಕೆ ಇಂಡಿಯಾ ಅಲಯನ್ಸ್‌ನ ಅರ್ಲಿ ಕರಿಯರ್ ಫೆಲೋಶಿಪ್ ಇದೆ.

ಪ್ರಶಸ್ತಿಗಳ ಮಾತು ಈಗ. ಅಮೆರಿಕದ ಸೈಕೊನಾಮಿಕ್ ಸೊಸೈಟಿ ಎಳೆಯ ಸಂಶೋಧಕರಿಗೆ ಪ್ರಶಸ್ತಿ ಕೊಡುತ್ತದೆ. ಕಾಗ್ನಿಟಿವ್ ಸೈನ್ಸ್ ಸೊಸೈಟಿಯಲ್ಲಿ ಪಿಎಚ್‌ಡಿ ಪ್ರಬಂಧಕ್ಕೆ ಗ್ಲುಷ್ಕೊ ಬಹುಮಾನ, ವಾರ್ಷಿಕ ಸಮ್ಮೇಳನದ ವಿದ್ಯಾರ್ಥಿ ಪ್ರಬಂಧಕ್ಕೆ ಮಾರ್ ಬಹುಮಾನ. ಮಾರ್ ಬಹುಮಾನಕ್ಕೆ ನೀವಿನ್ನೂ ವಿದ್ಯಾರ್ಥಿಯಾಗಿರಬೇಕು, ಗ್ಲುಷ್ಕೊಗೆ ಪಿಎಚ್‌ಡಿ ಮುಗಿದು ತೀರ ಹಳೆಯದಾಗಿರಬಾರದು. ಆದ್ದರಿಂದ ಮೊದಲ ಪ್ರಯೋಗದ ಫಲಿತಾಂಶವನ್ನು ಥೀಸಿಸ್ ಮುಗಿಯುವವರೆಗೆ ಕಪಾಟಿನಲ್ಲಿಡದೆ ಮೂರನೇ ವರ್ಷದಲ್ಲೇ ಸಮ್ಮೇಳನಕ್ಕೆ ಕಳಿಸಿ. ಸ್ವೀಕಾರವಾದರೆ ವಿಮಾನದ ಖರ್ಚಿಗೆ ಎಎನ್‌ಆರ್‌ಎಫ್‌ನ ಅಂತರರಾಷ್ಟ್ರೀಯ ಪ್ರವಾಸ ನೆರವಿಗೆ ಅರ್ಜಿ ಹಾಕಬಹುದು. ಅದಕ್ಕೂ ಗಡುವಿದೆ, ಪಾಸ್‌ಪೋರ್ಟನ್ನು ಈಗಲೇ ಮಾಡಿಸಿಟ್ಟುಕೊಳ್ಳಿ.